ಮ್ಯಾನೇಜರನ ಮೈಮೇಲೆ ಹತ್ತಿ

ನವೆಂಬರ್ 20, ಗುರುವಾರ

ಇಂದು ಬೆಳಿಗ್ಗೆ ಶಿಫ್ಟಿನವರು ಇಡ್ಲಿ ತಿಂದು ಕಂಪನಿ ಬಸ್ಸು ಹತ್ತಿದ ಮೇಲೆ, ಪುಣೆ ಹತ್ತಿರದ ಚಾಕಣದ ನಮ್ಮ ಹೋಟೆಲಿನ ಗಲ್ಲಾ ಪಕ್ಕದಲ್ಲಿರುವ ಮತ್ಸ್ಯ ಸಂಸ್ಥಾನದ ಅಧಿಕಾರವನ್ನು ಕುಮಾರಿ ಹರ್ಷಾ, ಎರಡನೇ ವರ್ಷದ ಬಿ.ಕಾಂ., ಇವರು ವಿಧಿವತ್ತಾಗಿ ವಹಿಸಿಕೊಂಡರು. ಸಮಾರಂಭದಲ್ಲಿ ಇಡ್ಲಿ ಭಟ್ಟಿಯ ಅವ್ವಣ್ಣ ಮತ್ತು ಒಂದು ಬಕೆಟ್ ಉಪಸ್ಥಿತರಿದ್ದರು. ಬಕೆಟ್ ಮಾತಾಡಲಿಲ್ಲ. ಅವ್ವಣ್ಣ ಮಾತ್ರ, “ತಂಗೀ, ಮೀನಿನ ಮುಂದ ನಿನ್ನ ನಾಟಕ ನಡೆಯಂಗಿಲ್ಲ, ಅವು ಕಣ್ಣ ಮುಚ್ಚಂಗಿಲ್ಲ,” ಅಂದ. ವಿಜಯಪುರದ ಕಡೆಯವನು. ಹತ್ತು ವರ್ಷದಿಂದ ನಮ್ಮಲ್ಲಿ ಇಡ್ಲಿ ಬೇಯಿಸುತ್ತಿದ್ದಾನೆ, ನನ್ನನ್ನು ಒಂದು ದಿನವೂ ನಂಬಿಲ್ಲ.

ನಿರ್ಗಮಿಸಿದ ಅಧಿಕಾರಿ ಅಮ್ಮ. ಏಳು ವರ್ಷದಿಂದ ಆ ತೊಟ್ಟಿಯೊಳಗೆ ಅವಳದ್ದು ಬಿಟ್ಟು ಬೇರೆ ಕೈ ಇಳಿದದ್ದಿಲ್ಲ. ಆಗಸ್ಟಿನಲ್ಲಿ ಕುತ್ತಿಗೆಯಲ್ಲಿ ಗಂಟು ಕಂಡು, ಅದಕ್ಕೆ ಲಿಂಫೋಮಾ ಎಂಬ ಹೂವಿನ ಗಿಡದಂಥ ಹೆಸರು ಸಿಕ್ಕಿ, ಪುಣೆಯ ಆಸ್ಪತ್ರೆಯಲ್ಲಿ ಕೀಮೋ ಶುರುವಾದ ಮೇಲೂ, ಗಿರಾಕಿಗಳಿಲ್ಲದ ಮಧ್ಯಾಹ್ನದ ಹೊತ್ತಿಗೆ ಮೇಲಿನ ಮನೆಯಿಂದ ಮೆಟ್ಟಿಲಿಳಿದು ಬಂದು ತೊಟ್ಟಿ ತಳದ ಕಲ್ಲು ತಿರುವುತ್ತಲೇ ಇದ್ದಳು. ಮೊನ್ನೆ ಅದು ಡಾಕ್ಟರ ಕಿವಿಗೆ ಬಿತ್ತು. ರಕ್ತದಲ್ಲಿ ಬಿಳಿ ಕಣಗಳೇ ಇಲ್ಲದ ಹೊತ್ತಲ್ಲಿ ಮೀನಿನ ನೀರಿಗೆ ಕೈ ಹಾಕುವುದೆಂದರೆ ಏನು ತಿಳಿದಿದ್ದೀರಿ, ಅದರಲ್ಲಿರುವ ಬೂಷ್ಟು ಬಾಷ್ಟು ನಿಮ್ಮ ಶ್ವಾಸಕೋಶ ಹೊಕ್ಕರೆ ನಾನೇನು ಮಾಡಲಿ ಎಂದು ಚೆನ್ನಾಗಿ ಬೈದರಂತೆ. ಹಾಗಾಗಿ ಅಮ್ಮ ಮೇಲೆ, ಮೀನು ಕೆಳಗೆ, ಮಧ್ಯೆ ಹದಿನಾರು ಮೆಟ್ಟಿಲು ಮತ್ತು ನನ್ನ ಮೊಬೈಲು. ದಿನಾ ಮಧ್ಯಾಹ್ನ ವಿಡಿಯೋದಲ್ಲಿ ದರ್ಶನ ಕೊಡಿಸಬೇಕೆಂದು ಆಜ್ಞೆಯಾಗಿದೆ.

ಪ್ರಜೆಗಳು ಮೂವರು, ಮೂವರೂ ಗೋಲ್ಡ್‌ಫಿಶ್, ಮೂವರಿಗೂ ನಾಮಕರಣ ನನ್ನದೇ. ಕಿತ್ತಳೆ ಬಣ್ಣದ ದೊಡ್ಡವನು ಮ್ಯಾನೇಜರ್. ಗಲ್ಲಾ ಕಡೆಯ ಗಾಜಿಗೆ ಮೂತಿ ಇಟ್ಟು ಅಪ್ಪ ಚಿಲ್ಲರೆ ಕೊಡುವುದನ್ನು ಪರಿಶೀಲಿಸುತ್ತಾನೆ. ಕರಿಯವನು ಸಪ್ಲಾಯರ್, ಎಲ್ಲ ಕಡೆ ಓಡುತ್ತಾನೆ, ಯಾರಿಗೂ ಸಿಗುವುದಿಲ್ಲ. ಚಿಕ್ಕದು ಪಾರ್ಸೆಲ್, ಪ್ಲಾಸ್ಟಿಕ್ ಚೀಲದಲ್ಲಿ ಬಂದದ್ದಕ್ಕೆ. ಮ್ಯಾನೇಜರ್ ಎಂದರೆ ಅಮ್ಮನಿಗೆ ಜೀವ. ಅವಳು ಬೆರಳಿಟ್ಟ ಕಡೆ ಬರುತ್ತಾನೆ. ನಾನು ಇಟ್ಟೆ. ಬೆನ್ನು ತಿರುಗಿಸಿದ.

ನವೆಂಬರ್ 21, ಶುಕ್ರವಾರ

ಅಪ್ಪ ಸಾಮಾನು ಕೋಣೆಗೆ ಕರೆದರು. ಉದ್ದಿನಬೇಳೆ ಮೂಟೆಗಳ ನಡುವೆ ಕರೆದರೆಂದರೆ ಒಂದೋ ನನ್ನ ಕಿತಾಪತಿ ಸಿಕ್ಕಿಬಿದ್ದಿರಬೇಕು, ಇಲ್ಲವೇ ಹೆಗ್ಗಣ. ಹೋದ ತಿಂಗಳು ಆಹಾರ ಇಲಾಖೆಯ ಮರಾಠಿ ಸಾಹೇಬರ ದನಿಯಲ್ಲಿ ಫೋನ್ ಮಾಡಿ, ನಿಮ್ಮ ಸಾಂಬಾರಿನಲ್ಲಿ ತೊಗರಿಬೇಳೆ ಏಕಾಂತವಾಸದಲ್ಲಿದೆ ಎಂದು ದೂರು ಬಂದಿದೆ ಅಂದಿದ್ದೆ. ಅಪ್ಪ ನಿಂತಲ್ಲೇ ಎಂಟು ಸಲ “ಹೋ ಸಾಹೇಬ್” ಅಂದಿದ್ದರು. ಅದೇ ಇರಬೇಕೆಂದು ಮುಖ ಗಂಭೀರ ಮಾಡಿಕೊಂಡು ಹೋದೆ.

ಅದಲ್ಲ. ಸ್ಕ್ಯಾನಿನ ಫಲಿತಾಂಶ. ಡಾಕ್ಟರು ಅಪ್ಪನನ್ನೊಬ್ಬರನ್ನೇ ಕೂರಿಸಿ ಹೇಳಿದರಂತೆ. ನಾಲ್ಕು ಸಲ ಕೊಟ್ಟ ಔಷಧಿಗೆ ಗಂಟುಗಳು ಕರಗಬೇಕಾದಷ್ಟು ಕರಗಿಲ್ಲ. ಹೊಟ್ಟೆಯೊಳಗೆ ಹೊಸತೊಂದು ಕಂಡಿದೆ. ಇದನ್ನು ಬಿಟ್ಟು ಜೋರಿನ ಔಷಧಿ ಶುರು ಮಾಡಬೇಕು, ಆಸ್ಪತ್ರೆಯಲ್ಲೇ ಇರಬೇಕು, ತಡ ಮಾಡಬಾರದು.

ಅಮ್ಮನಿಗೆ ಅಪ್ಪ ಹೇಳಿದ್ದು: ಎಲ್ಲ ಸರಿ ಉಂಟು, ಇನ್ನು ಎರಡೇ ಸಲ.

ಕಾರಣ ಇದೆ. ಮೂರನೆಯ ಸಲ ಮುಗಿಸಿ ಬಂದ ದಿನ, ಬಾಯಿಗೆ ನೀರೂ ಸೇರದೆ ಮಲಗಿದ್ದಾಗ ಅಮ್ಮ ಹೇಳಿದ್ದಳು: “ಆರು ಅಂತ ಹೇಳಿದ್ದಾರಲ್ಲ, ಆರು ಮಾಡುವ. ಏಳನೆಯದಕ್ಕೆ ನನ್ನನ್ನು ಯಾರೂ ಎಬ್ಬಿಸಬೇಡಿ.” ಅವಳು ಹೇಳಿದ ಮಾತು ತಿರುಗಿಸಿದ್ದನ್ನು ನಾನಂತೂ ಕಂಡಿಲ್ಲ. ವಿಷಯ ತಿಳಿದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಾಳೆ ಎಂದು ಅಪ್ಪನ ಹೆದರಿಕೆ. ಕುಂದಾಪುರದಿಂದ ಆರೈಕೆಗೆ ಬಂದಿರುವ ರುಕ್ಮಿಣಮ್ಮ ದೊಡ್ಡಮ್ಮನೂ ಅಪ್ಪನ ಪಕ್ಷ. ಮನಸ್ಸು ಕುಗ್ಗಿದವರಿಗೆ ಮದ್ದು ಹಿಡಿಯುವುದಿಲ್ಲವಂತೆ, ಅವರ ಮಾವನಿಗೂ ಕೊನೆಯವರೆಗೆ ಹೇಳಿರಲಿಲ್ಲವಂತೆ, ಪಾಪ ಎಷ್ಟು ನೆಮ್ಮದಿಯಲ್ಲಿ ಹೋದರಂತೆ.

“ನನ್ನ ಮುಖ ನೋಡಿದ ಕೂಡ್ಲೇ ಅವಳಿಗೆ ಗೊತ್ತಾಗ್ತದೆ,” ಅಂದರು ಅಪ್ಪ. “ನಿಂದು ಹಾಗಲ್ಲ ಮಾರಾಯ್ತಿ. ನೀನು ಸುಳ್ಳು ಹೇಳಿದ್ರೆ ದೇವರಿಗೂ ಗೊತ್ತಾಗುವುದಿಲ್ಲ. ಸ್ವಲ್ಪ ದಿನ ನೀನು ನೋಡಿಕೋ.”

ಹತ್ತೊಂಬತ್ತು ವರ್ಷದಲ್ಲಿ ನನ್ನ ಪ್ರತಿಭೆಗೆ ಮನೆಯಲ್ಲಿ ಸಿಕ್ಕ ಮೊದಲ ಮಾನ್ಯತೆ. ಶಾಲು ಹೊದಿಸುವುದೊಂದು ಬಾಕಿ.

ನಾಳೆ ತೊಟ್ಟಿ ತೊಳೆಯಬೇಕು.

ನವೆಂಬರ್ 22, ಶನಿವಾರ

ಮಹಾಶುದ್ಧಿ ನೆರವೇರಿತು.

ಮೇಲೆ ದೊಡ್ಡಮ್ಮ ಚಮಚ, ಲೋಟ, ಟವೆಲು, ಕೊನೆಗೆ ಟಿವಿ ರಿಮೋಟಿನ ಕವರನ್ನೂ ಕುದಿಸಿ ಇಟ್ಟಿದ್ದಾರೆ. ಬಿಟ್ಟರೆ ನನ್ನನ್ನೂ ಕುದಿಸುತ್ತಾರೆ. ಕೆಳಗೂ ಅದೇ ಶಿಸ್ತು ಬೇಕೆಂದು ಅಪ್ಪನ ಅಪ್ಪಣೆ. ಬೂಷ್ಟು ಮೀನಿನ ನೀರಿನಲ್ಲಿರುತ್ತದೆ ಎಂದು ಡಾಕ್ಟರೇ ಹೇಳಿದ ಮೇಲೆ ಅಮ್ಮ ಇರುವ ಕಟ್ಟಡದಲ್ಲಿ ಅಂಥ ನೀರು ಇರಕೂಡದು. ಹೋಟೆಲಿನವರ ಮತವಂತೂ ಗೊತ್ತೇ ಇದೆ: ಕುದಿಯುವ ನೀರು ಕಾಣದ್ದು ಯಾವುದೂ ಶುದ್ಧವಲ್ಲ.

ಮೀನುಗಳನ್ನು ಬಕೆಟ್ಟಿಗೆ ವರ್ಗಾಯಿಸಿದೆ. ನೀರೆಲ್ಲ ಚೆಲ್ಲಿದೆ. ತಳದ ಕಲ್ಲುಗಳನ್ನು ಹಳೇ ಇಡ್ಲಿ ಪೆಟ್ಟಿಗೆಯಲ್ಲಿ ಹಬೆಗೆ ಕೂರಿಸಿದೆ. ಉದ್ದು ಕಮ್ಮಿಯಾಗಿ ಗಟ್ಟಿ ಬಂದಿವೆ ಎಂದು ಅವ್ವಣ್ಣನಿಗೆ ವರದಿ ಒಪ್ಪಿಸಿದೆ. ಫಿಲ್ಟರಿನ ಸ್ಪಂಜು ಕಂದು ಬಣ್ಣಕ್ಕೆ ತಿರುಗಿ ಕೆಸರು ಕೆಸರಾಗಿತ್ತು. ಏಳು ವರ್ಷದ ಕೊಳೆ, ಅಮ್ಮ ಹೇಗೆ ಬಿಟ್ಟಳೋ. ಸೋಡಾ ಹಾಕಿ ಮೂರು ನೀರು ಕುದಿಸಿ ಹಿಂಡಿದೆ, ಹೊಸ ಪಂಚೆಯಂತೆ ಬಿಳಿಯಾಯಿತು. ನಲ್ಲಿ ನೀರು ತುಂಬಿಸಿದೆ. ಗಾಜು ಎಷ್ಟು ಹೊಳೆಯಿತೆಂದರೆ ಒಬ್ಬ ಗಿರಾಕಿ ಅದರಲ್ಲಿ ನೋಡಿಕೊಂಡು ಕ್ರಾಪು ಬಾಚಿದ.

ಒಂದು ಸಣ್ಣ ಅಪಘಾತ. ಮ್ಯಾನೇಜರನನ್ನು ಬಲೆಯಲ್ಲಿ ಎತ್ತುವಾಗ ಹಾರಿ ಕಟ್ಟೆಯ ಅಂಚಿಗೆ ಬಿದ್ದ. ಪಕ್ಕೆಯಲ್ಲಿ ನಾಲ್ಕೈದು ಹುರುಪೆ ಎದ್ದಿದೆ. ಸರಕಾರಿ ನೌಕರನಲ್ಲವಲ್ಲ, ರಜೆ ಹಾಕಲಿಲ್ಲ.

ವಿಡಿಯೋದಲ್ಲಿ ಅಮ್ಮ ತುಂಬ ಹೊತ್ತು ನೋಡಿದಳು. ಭಾರೀ ಸ್ವಚ್ಛ ಮಾಡಿದ್ದಿ, ಅಂದಳು. ಹೊಗಳಿದ್ದೆಂದು ತಿಳಿದುಕೊಂಡೆ.

ನವೆಂಬರ್ 26, ಬುಧವಾರ

ನೀರು ಗಂಜಿ ತಿಳಿಯಂತಾಗಿದೆ. ಪಾರ್ಸೆಲ್ ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ಕುಡಿಯುತ್ತಿದೆ. ಸಪ್ಲಾಯರ್ ಓಡುತ್ತಿಲ್ಲ. ಮ್ಯಾನೇಜರ್ ತಳದಲ್ಲಿ ರೆಕ್ಕೆ ಮಡಚಿ ಕೂತಿದ್ದಾನೆ. ಶುದ್ಧಿ ಸಾಲದಾಯಿತೆಂದು ಮತ್ತೊಮ್ಮೆ ಎಲ್ಲ ನೀರು ಚೆಲ್ಲಿ, ಸ್ಪಂಜು ಕುದಿಸಿ, ಹೊಸ ನೀರು ತುಂಬಿದೆ.

ಐದನೆಯ ಕೀಮೋಗೆ ಯಾಕೆ ಇನ್ನೂ ಕರೆದಿಲ್ಲ ಎಂದು ಅಮ್ಮ ಕೇಳಿದಳು. ರಕ್ತದ ಕೌಂಟ್ ಏರಲಿ ಎಂದು ಕಾಯುತ್ತಿದ್ದಾರೆ ಅಂದೆ. ತುಂಬಾ ಸಹಜವಾಗಿ ಬಂತು. ಹಾಗೇ ಅವಳ ದಿಂಬಿನ ಕವರು ಬದಲಿಸಿದೆ.

ನವೆಂಬರ್ 28, ಶುಕ್ರವಾರ

ವೈದ್ಯಕೀಯ ಪ್ರಕಟಣೆ: ಮ್ಯಾನೇಜರ ಸಾಹೇಬರ ಪಕ್ಕೆಯಲ್ಲಿ, ಹುರುಪೆ ಎದ್ದ ಜಾಗದಲ್ಲೇ, ಬಿಳಿ ಹತ್ತಿಯಂಥದ್ದು ಮೊಳೆತಿದೆ. ದೂರದಿಂದ ನೋಡಿದರೆ ಯಾರೋ ಗಾಯಕ್ಕೆ ಹತ್ತಿ ಇಟ್ಟು ಮರೆತಂತೆ. ಹತ್ತಿರದಿಂದ ನೋಡಿದರೆ ಅದು ನೀರಿನಲ್ಲಿ ಅಲ್ಲಾಡುತ್ತದೆ, ಎಳೆ ಎಳೆಯಾಗಿ. ಬಾಲದ ತುದಿಯಲ್ಲೂ ಒಂದಿಷ್ಟು.

ತಳೇಗಾಂವ್ ಚೌಕದ ಹತ್ತಿರ ಸ್ವಪ್ನಿಲ್‌ನ ಅಕ್ವೇರಿಯಮ್ ಅಂಗಡಿ ಇದೆ. ಹನ್ನೆರಡನೇ ಕ್ಲಾಸಿನವರೆಗೆ ನನ್ನ ಬೆಂಚಿನವನೇ. ಮೊಬೈಲಿನಲ್ಲಿ ಫೋಟೋ ನೋಡಿ, ಫಂಗಸ್, ಟೆನ್ಶನ್ ನಕೋ, ಎಂದು ಮೆಥಿಲೀನ್ ಬ್ಲೂ ಎಂಬ ನೀಲಿ ಬಾಟಲಿ ಕೊಟ್ಟ. ಎಲ್ಲಿ ಹಾಕಬೇಕೆಂದು ಕೇಳಿದ್ದಕ್ಕೆ ನೀರಲ್ಲಿ ಅಂದ. ಪ್ರಶ್ನೆಗೆ ತಕ್ಕ ಉತ್ತರ. ತಂದು ತೊಟ್ಟಿಗೇ ಸುರಿದೆ.

ಹೋಟೆಲಿನ ನಡುವೆ ಈಗ ಒಂದು ನೀಲಿ ಪೆಟ್ಟಿಗೆ ನಿಂತಿದೆ, ಒಳಗೆ ಏನೂ ಕಾಣುವುದಿಲ್ಲ. ಗಿರಾಕಿಗಳು ಕೇಳುತ್ತಾರೆಂದು ಬೋರ್ಡಿನಲ್ಲಿ ಬರೆದೆ: ‘ಇಂದಿನ ವಿಶೇಷ: ನೀಲ ಸರೋವರ ದರ್ಶನ. ಉಚಿತ. ಮೌನ ಪಾಲಿಸಿ.’ ಇಬ್ಬರು ಕೈ ಮುಗಿದು ಹೋದರು. ಅಪ್ಪ ಬೋರ್ಡು ನೋಡಿದರು, ಅಳಿಸಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 30, ಭಾನುವಾರ

ಮೇಲೆ ಬಂಗುಡೆ ಸಾರು, ಕೆಳಗೆ ಮೀನಿಗೆ ಶುಶ್ರೂಷೆ. ನಮ್ಮ ಕುಟುಂಬದ ಮತ್ಸ್ಯನೀತಿಯನ್ನು ಇತಿಹಾಸ ಕ್ಷಮಿಸಲಾರದು.

ನಿನ್ನೆ, ಇವತ್ತು ವಿಡಿಯೋ ತೋರಿಸಲಾಗಲಿಲ್ಲ. ನೆಟ್‌ವರ್ಕ್ ಇಲ್ಲ ಅಂದೆ. ಅಮ್ಮ ಬಿಡಲಿಲ್ಲ. ಮೊಬೈಲಿನಲ್ಲಿ ದೀಪಾವಳಿ ಹೊತ್ತಿಗೆ ತೆಗೆದದ್ದೊಂದಿತ್ತು, ಮೂವರೂ ಕೊಬ್ಬಿ ಮೆರೆಯುತ್ತಿದ್ದದ್ದು. ಅದನ್ನೇ ಈಗ ತೆಗೆದದ್ದೆಂದು ಕಳಿಸಿದೆ. ಎರಡು ಸಲ ನೋಡಿದಳು. ಆಮೇಲೆ, ಗೂಡುದೀಪ ಇನ್ನೂ ಇಳಿಸಲಿಲ್ಲವಾ, ಎಂದು ಕೇಳಿದಳು.

ನಾನು ಮತ್ತೆ ನೋಡಿದೆ. ತೊಟ್ಟಿಯ ಗಾಜಿನಲ್ಲಿ, ಮ್ಯಾನೇಜರನ ತಲೆಯ ಮೇಲೆ, ಬಾಗಿಲಿನ ಗೂಡುದೀಪ ಕೆಂಪಗೆ ಬಿದ್ದಿತ್ತು. ತುಳಸಿಪೂಜೆಯ ಮರುದಿನವೇ ಇಳಿಸಿದ್ದೆವು. ಅಪ್ಪನಿಗೆ ಪುರುಸೊತ್ತಾಗಿಲ್ಲ ಅಂದೆ. ಹೌದಾ, ಅಂದಳು.

ಡಿಸೆಂಬರ್ 1, ಸೋಮವಾರ

ಆಸ್ಪತ್ರೆಯಿಂದ ಫೋನ್. ಎಂದು ಸೇರಿಸುತ್ತೀರಿ ಎಂದು. ಅವಳಿಗೆ ನೆಗಡಿ, ಮುಂದಿನ ವಾರ ನೋಡುವ ಅಂದರು ಅಪ್ಪ. ಅಮ್ಮನಿಗೆ ನೆಗಡಿ ಇಲ್ಲ. ಹೊರಗೆ ಹನ್ನೆರಡು ಡಿಗ್ರಿ ಚಳಿ, ಅಪ್ಪ ಬೈರಾಸಿನಿಂದ ಕುತ್ತಿಗೆ ಒರೆಸಿಕೊಂಡರು.

ಹತ್ತಿ ದೊಡ್ಡದಾಗಿದೆ.

ಡಿಸೆಂಬರ್ 3, ಬುಧವಾರ

ಸಿಕ್ಕಿಬಿದ್ದೆ.

ದೊಡ್ಡಮ್ಮ ಸ್ನಾನಕ್ಕೆ ಹೋದ ಹೊತ್ತು ನೋಡಿ ಅಮ್ಮ ಕರೆದಳು. ಮಂಚದಿಂದ ಎರಡು ಮಾರು ದೂರ, ಮಾಸ್ಕ್ ಹಾಕಿಕೊಂಡು ನಿಲ್ಲುವುದು ನನ್ನ ಜಾಗ. ಕೈ ತೋರಿಸು ಅಂದಳು. ನಾನು ಕೈಯನ್ನು ದುಪಟ್ಟಾದೊಳಗೆ ಇಟ್ಟುಕೊಂಡೇ ಐದು ದಿನವಾಗಿತ್ತು. ಕಾಲೇಜಿನಲ್ಲಿ ರಂಗೋಲಿ ಸ್ಪರ್ಧೆ ಎಂದು ಶುರು ಮಾಡಿದೆ, ಅರ್ಧಕ್ಕೇ ನಿಂತಿತು. ಯಾಕೆ ನಿಂತಿತೋ. ಕಥೆ ತಯಾರಿತ್ತು, ತೀರ್ಪುಗಾರರ ಹೆಸರು ಸಹಿತ.

“ಉಗುರಿನ ಸಂದಿಯಲ್ಲಿ ನಿಂತ ನೀಲಿ ಮದ್ದು ನಂಗೆ ಗೊತ್ತಾಗುವುದಿಲ್ಲ ಅಂತ ಮಾಡಿದ್ದಿಯಾ? ಯಾರಿಗೆ?”

ಮ್ಯಾನೇಜರನಿಗೆ ಅಂದೆ. ಎಲ್ಲ ಹೇಳಿದೆ: ಇಡ್ಲಿ ಪೆಟ್ಟಿಗೆ, ಸೋಡಾ, ಬಲೆ, ಬಾಟಲಿ. ಬೈಯುತ್ತಾಳೆಂದುಕೊಂಡೆ. ಅವಳು ತಲೆಯ ಸ್ಕಾರ್ಫು ಸರಿ ಮಾಡಿಕೊಂಡು ಎದ್ದು ಕೂತಳು. ಎಷ್ಟೋ ದಿನದ ಮೇಲೆ, ಗಲ್ಲಾದಲ್ಲಿ ಕೂತು ಲೆಕ್ಕ ತಪ್ಪಿದವನನ್ನು ಕೇಳುವಂತೆ ಒಂದೊಂದೇ ಕೇಳತೊಡಗಿದಳು. ಸ್ಪಂಜಿನ ಕಂದು ಕೆಸರು ಕೊಳೆಯಲ್ಲವಂತೆ. ಮೀನಿನ ಹೊಲಸನ್ನು ತಿಂದು ನೀರು ಕಾಯುವ ಜೀವಗಳು ಅದರಲ್ಲೇ ಇರುವುದಂತೆ. ಅದನ್ನು ತೊಟ್ಟಿಯದೇ ಹಳೇ ನೀರಿನಲ್ಲಿ ಮೆಲ್ಲ ಹಿಂಡಬೇಕು, ಅಷ್ಟೇ. ಕುದಿಸಿದ್ದಕ್ಕೆ ಎಲ್ಲ ಸತ್ತು, ನೀರು ಕೆಟ್ಟು, ಮೀನಿನ ಮೈ ಸೋತಿದೆ. ಫಂಗಸ್ ಎಲ್ಲ ನೀರಿನಲ್ಲೂ ಇರುತ್ತದಂತೆ, ಗಟ್ಟಿ ಇರುವ ಮೈಗೆ ಏನೂ ಮಾಡುವುದಿಲ್ಲವಂತೆ. ನೀಲಿ ಮದ್ದು ತೊಟ್ಟಿಗೆ ಸುರಿದದ್ದು ಎರಡನೇ ತಪ್ಪು, ಉಳಿದದ್ದೂ ಸಾಯುತ್ತದೆ. ರೋಗಿಯನ್ನು ಬೇರೆ ಟಬ್ಬಿನಲ್ಲಿಡಬೇಕು.

“ಶುದ್ಧ ಮಾಡ್ತೇವೆ ಅಂತ ಹೊರಟವರು ನೀವು,” ಅಂದಳು. “ನನ್ನ ಹತ್ರ ಒಂದು ಮಾತು ಕೇಳಿದ್ದರೆ ಆಗ್ತಿತ್ತಲ್ಲ. ಎಂತಕ್ಕೆ ಕೇಳಲಿಲ್ಲ?”

ನಿಂಗೆ ಬೇಜಾರಾಗ್ತದೆ ಅಂತ, ಅಂದೆ.

ಬಚ್ಚಲಿನ ಬಾಗಿಲು ಸದ್ದಾಯಿತು. ಅಮ್ಮ ಮಲಗಿದಳು, ಕಣ್ಣು ಮುಚ್ಚಿದಳು. ದೊಡ್ಡಮ್ಮ ಬಂದು, ನಿದ್ದೆ ಬಂತಾ ಪಾಪ, ಅಂದರು. ಈ ವಿದ್ಯೆ ನನಗೆ ಎಲ್ಲಿಂದ ಬಂತೆಂದು ಇವತ್ತು ಗೊತ್ತಾಯಿತು.

ಡಿಸೆಂಬರ್ 5, ಶುಕ್ರವಾರ

ಉದ್ದು ನೆನೆಸಲೆಂದು ತಂದ ಹೊಸ ಟಬ್ಬು ಮ್ಯಾನೇಜರನ ಆಸ್ಪತ್ರೆಯಾಗಿದೆ. ಹಿಂದಿನ ದಿನವೇ ತುಂಬಿಸಿ ಇಟ್ಟ ನೀರು. ಹತ್ತು ಲೀಟರಿಗೆ ಎರಡು ಚಮಚ ಕಲ್ಲುಪ್ಪು, ಕರಗಿಸಿ, ಸ್ವಲ್ಪ ಸ್ವಲ್ಪವೇ. ನೀಲಿ ಮದ್ದು ಹನಿ ಲೆಕ್ಕದಲ್ಲಿ. ಗಾಳಿಯ ಕೊಳವೆ ನಿಲ್ಲಬಾರದು. ದಿನಕ್ಕೆ ಮೂರರಲ್ಲೊಂದು ಪಾಲು ನೀರು ಬದಲಿ, ಬಿಸಿಯೂ ಅಲ್ಲ ತಣ್ಣಗೂ ಅಲ್ಲ, ಟಬ್ಬಿನ ನೀರಿನಷ್ಟೇ. ಅಮ್ಮ ಮೇಲಿನಿಂದ ಮೆಸೇಜ್ ಹಾಕುತ್ತಾಳೆ, ದೊಡ್ಡಮ್ಮನಿಗೆ ಕಾಣದ ಹಾಗೆ, ರಾಮನಾಮ ಕೇಳುತ್ತಿದ್ದೇನೆ ಎಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು. ಸ್ವಪ್ನಿಲ್‌ನ ಅಂಗಡಿಯಿಂದ ಅವನ ಹಳೇ ತೊಟ್ಟಿಯ ಕೊಳಕು ಸ್ಪಂಜು ಒಂದು ಬೇಡಿ ತಾ ಎಂದಳು. ಅವನು ಹೊಸತು ಕೊಡಲು ಬಂದ. ಬೇಡ, ಕೊಳಕಾದದ್ದೇ ಬೇಕು ಅಂದೆ. ನಾನು ತಮಾಷೆ ಮಾಡುತ್ತಿದ್ದೇನೆಂದು ನಕ್ಕ. ನಾನು ನಗದಿದ್ದಾಗ ತಂದುಕೊಟ್ಟ.

ಅವ್ವಣ್ಣ ಟಬ್ಬಿನ ಮೇಲೆ ಇಡ್ಲಿ ಬಟ್ಟೆ ಹೊದಿಸಿ, “ಭಾಳ ಗಾಳಿ ಅದ,” ಅಂದ.

ಅಮ್ಮ ಇವತ್ತು ಇನ್ನೊಂದು ಬರೆದಿದ್ದಳು. ಇನ್ನು ಎರಡು ಮುಗಿದರೆ ಸಂಕ್ರಾಂತಿಗೆ ನಾನೇ ಕೆಳಗೆ ಬಂದು ತೊಟ್ಟಿ ನೋಡಿಕೊಳ್ತೇನೆ, ಅಲ್ಲಿವರೆಗೆ ಉಳಿಸು.

ಓದಿದೆ. ಉತ್ತರಕ್ಕೆ ಹೆಬ್ಬೆರಳಿನ ಚಿತ್ರ ಒತ್ತಿದೆ. ಆಮೇಲೆ ಹೋಗಿ ಟಬ್ಬಿನ ನೀರು ಬದಲಿಸಿದೆ. ಇವತ್ತು ಆಗಲೇ ಒಮ್ಮೆ ಬದಲಿಸಿಯಾಗಿತ್ತು.

ಡಿಸೆಂಬರ್ 7, ಭಾನುವಾರ

ಪಾರ್ಸೆಲ್ ಸತ್ತಿತು. ರೋಗದ ಗುರುತೇ ಇರಲಿಲ್ಲ ಅದಕ್ಕೆ. ಬೆಳಿಗ್ಗೆ ತೊಟ್ಟಿಯ ಮೂಲೆಯಲ್ಲಿ ಓರೆಯಾಗಿ ತೇಲುತ್ತಿತ್ತು, ಗಿರಾಕಿಗಳು ಅದರ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದರು. ಹಿತ್ತಲ ಕರಿಬೇವಿನ ಬುಡದಲ್ಲಿ ಅವ್ವಣ್ಣ ಹೂತ. ನಾನು ಶ್ರದ್ಧಾಂಜಲಿ ಭಾಷಣ ಮಾಡುತ್ತೇನೆಂದು ಅವನು ಸ್ವಲ್ಪ ಹೊತ್ತು ನಿಂತೇ ಇದ್ದ.

ಅಪ್ಪ ಹೇಳಿದರು: ಅಮ್ಮನಿಗೆ ತಿಳಿಯುವುದು ಬೇಡ, ಅದೇ ಅಳತೆಯದು ಇನ್ನೊಂದು ತಂದು ಬಿಡು. ನನಗೆ ಇದಕ್ಕಿಂತ ಇಷ್ಟದ ಕೆಲಸ ಇರಲಿಲ್ಲ ಒಂದು ಕಾಲದಲ್ಲಿ. ಸ್ವಪ್ನಿಲ್‌ನ ಅಂಗಡಿಗೆ ಹೋದೆ. ವಾಪಸು ಬಂದು, ಬಣ್ಣ ಹೊಂದುವುದು ಸಿಗಲಿಲ್ಲ ಅಂದೆ.

ಹೊಂದುತ್ತಿತ್ತು. ಬಾಲದ ಮೇಲಿನ ಬಿಳಿ ಚುಕ್ಕೆ ಕೂಡ.

ಡಿಸೆಂಬರ್ 8, ಸೋಮವಾರ

ಇದನ್ನು ಹೇಗೆ ಬರೆಯಬೇಕೋ ಗೊತ್ತಿಲ್ಲ. ಆದದ್ದು ಆದ ಹಾಗೆ.

ಅಪ್ಪ ಮಾರ್ಕೆಟ್ಟಿಗೆ, ದೊಡ್ಡಮ್ಮ ದೇವಸ್ಥಾನಕ್ಕೆ. ಮೇಲೆ ಹೋಗಿ, ಪಾರ್ಸೆಲ್ ಸತ್ತಿತು ಅಂದೆ. ಯಾವಾಗ ಎಂದು ಕೇಳಿದಳು. ನಿನ್ನೆ ಅಂದೆ. ಮ್ಯಾನೇಜರನ ಹತ್ತಿ ಕಮ್ಮಿಯಾಗಿದೆ, ಪಕ್ಕೆಯದು ಉದುರಿ ಗುಲಾಬಿ ಚರ್ಮ ಕಾಣುತ್ತದೆ, ಬಾಲದ್ದು ಇನ್ನೂ ಇದೆ ಅಂದೆ. ತಲೆ ಆಡಿಸಿದಳು. ಕಿಟಕಿಯ ಹೊರಗೆ ಶಿಫ್ಟಿನ ಬಸ್ಸುಗಳು ಹಾರ್ನ್ ಹಾಕುತ್ತಿದ್ದವು.

“ಇನ್ನೆಂತ ಉಂಟು?” ಅಂದಳು.

ಮೀನಿನ ವಿಷಯದಲ್ಲಿ ಇನ್ನೇನೂ ಇಲ್ಲ ಅಂದೆ.

“ಮೀನಿನದ್ದಲ್ಲ.”

ಐದನೆಯದು ಎರಡು ವಾರ ತಡವಾಗಿದೆ. ಕೌಂಟ್ ನೋಡಲು ರಕ್ತ ತೆಗೆಯುವ ಹುಡುಗ ಬರಬೇಕಿತ್ತು, ಬಂದಿಲ್ಲ. ಅಪ್ಪ ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಾರೆ. ಇದನ್ನೆಲ್ಲ ಅವಳು ಹೇಳಲಿಲ್ಲ, ನನಗೇ ಸಾಲಾಗಿ ನೆನಪಾಯಿತು. ಅವಳು ನನ್ನನ್ನು ನೋಡುತ್ತಿದ್ದಳು ಅಷ್ಟೇ. ನನ್ನ ಮುಖ ಗಂಭೀರವಾಗಿಯೇ ಇತ್ತು ಅಂತ ಕಾಣುತ್ತದೆ. ಮಾಸ್ಕ್ ಇತ್ತು. ಆದರೂ.

ಹೇಳಿಬಿಟ್ಟೆ. ಗಂಟು ಕರಗಿಲ್ಲ. ಹೊಟ್ಟೆಯಲ್ಲಿ ಹೊಸತೊಂದು. ಬೇರೆ ಔಷಧಿ, ಆಸ್ಪತ್ರೆಯಲ್ಲೇ ಇರಬೇಕು. ನೀನು ಬೇಡ ಅನ್ನುತ್ತಿ ಎಂದು ಅಪ್ಪನಿಗೆ ಹೆದರಿಕೆ.

ಅಮ್ಮ ಹೊದಿಕೆಯ ಅಂಚನ್ನು ಮಡಚಿದಳು, ಬಿಡಿಸಿದಳು. ಆಮೇಲೆ, ಕೆಳಗೆ ಕೆಲಸ ಉಂಟಲ್ಲ, ಹೋಗು, ಅಂದಳು. ದನಿಯಲ್ಲಿ ಏನೂ ಇರಲಿಲ್ಲ. ಕೋಪವೂ.

ಮೆಟ್ಟಿಲ ಮೇಲೆ ಕೂತೆ. ಅವಳು ಬೇಡ ಅಂದರೆ ಅದು ನಾನು ಹೇಳಿದ್ದರಿಂದ.

ಡಿಸೆಂಬರ್ 9, ಮಂಗಳವಾರ

ನಾನು ಹೇಳಿದ್ದು ಗೊತ್ತಾಗಿ ಅಪ್ಪ ಮಾತಾಡುತ್ತಿಲ್ಲ. ದೊಡ್ಡಮ್ಮ ಒಂದೇ ಮಾತಾಡಿದರು: “ನಿನ್ನ ಬಾಯಿಗೆ ಬೀಗ ಹಾಕಲಿಕ್ಕೆ ಆಗ್ಲಿಲ್ಲವಾ.” ಅಮ್ಮ ಬೆಳಿಗ್ಗೆಯಿಂದ ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ಗಂಜಿ ಹಾಗೇ ವಾಪಸು ಬಂತು.

ಟಬ್ಬಿನ ನೀರು ಬದಲಿಸಿದೆ.

ಡಿಸೆಂಬರ್ 10, ಬುಧವಾರ

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು. ಅಪ್ಪ ಗಲ್ಲಾದಲ್ಲಿದ್ದರು, ನಾನು ಟಬ್ಬಿನ ಹತ್ತಿರ. ಹಿಂದಿನ ಮೆಟ್ಟಿಲಲ್ಲಿ ಸದ್ದಾಯಿತು. ಅಮ್ಮ. ಒಂದು ಕೈ ಗೋಡೆಗೆ, ಒಂದು ಕೈ ದೊಡ್ಡಮ್ಮನ ಹೆಗಲಿಗೆ, ಎರಡು ಮಾಸ್ಕ್. ದೊಡ್ಡಮ್ಮ ಅವಳನ್ನು ತಡೆಯುತ್ತಾ ಬೈಯುತ್ತಾ ಅವಳಿಗೆ ಆಧಾರವಾಗಿಯೇ ಇಳಿಯುತ್ತಿದ್ದರು. ಅವ್ವಣ್ಣ ಓಡಿ ಹೋಗಿ ಹೋಟೆಲಿನ ಶಟರು ಅರ್ಧ ಎಳೆದ. “ಅಕ್ಕಾರ, ಇಲ್ಲಿ ಕೂಡ್ರಿ,” ಎಂದು ಗಲ್ಲಾದ ಕುರ್ಚಿ ಒರೆಸಿದ. ಅಪ್ಪ ಎದ್ದು ನಿಂತಿದ್ದವರು ನಿಂತೇ ಇದ್ದರು.

ಮ್ಯಾನೇಜರನ ಕಡೆ ಅವಳು ನೋಡಲಿಲ್ಲ. ಡಾಕ್ಟರಿಗೆ ಫೋನ್ ಹಚ್ಚಿ ಅಂದಳು. ಅಪ್ಪ ಹಚ್ಚಿದರು. ಸ್ಪೀಕರ್ ಅಂದಳು.

ಅವಳ ಹಿಂದಿ ಕುಂದಾಪುರದ್ದು, ಡಾಕ್ಟರ ಹಿಂದಿ ಮರಾಠಿಯದ್ದು. ನಡುವೆ ಒಂದೊಂದು ಮಾತು ನಾನು ತಿರುಗಿಸಿ ಹೇಳಿದೆ. ಅವಳು ಸ್ಕ್ಯಾನಿನಲ್ಲಿ ಇದ್ದದ್ದೆಲ್ಲ ಕೇಳಿದಳು. ಹೊಸ ಔಷಧಿಯಿಂದ ಏನೇನಾಗುತ್ತದೆ ಎಂದು ಕೇಳಿದಳು. ಆಮೇಲೆ, ಮಾಡದೇ ಇದ್ದರೆ ಎಂದು ಕೇಳಿದಳು. ಅಪ್ಪ ಚಿಲ್ಲರೆಯ ಡಬ್ಬಿ ಹಿಡಿದುಕೊಂಡರು. ಡಾಕ್ಟರು ಅದನ್ನೂ ಹೇಳಿದರು, ಎಷ್ಟು ತಿಂಗಳು ಎಂಬುದರ ಸಹಿತ. ಮಾಡಿದರೆ ಏನು ಅವಕಾಶ ಎಂದೂ ಹೇಳಿದರು. ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಅದನ್ನು ನಾನು ತಿರುಗಿಸಲಿಲ್ಲ, ಅವಳಿಗೇ ಅರ್ಥವಾಗಿತ್ತು.

ಫೋನ್ ಇಟ್ಟ ಮೇಲೆ ಅಪ್ಪನ ಕಡೆ ತಿರುಗಿದಳು.

“ಏಳನೆಯದು ಬೇಡ ಅಂತ ನಾನು ಹೇಳಿದ್ದು ಹೌದು. ಆಗ ಆರಕ್ಕೆ ಮುಗಿಯುತ್ತದೆ ಅಂತ ನೀವೆಲ್ಲ ಹೇಳಿದ್ದಿರಿ. ಮೂರು ವಾರ ಹೋಯ್ತಲ್ಲ ಸುಮ್ಮನೆ.”

ಅಪ್ಪ ಏನೋ ಹೇಳಲು ಹೋದರು. ಬೈರಾಸು ಮುಖಕ್ಕೆ ಒತ್ತಿಕೊಂಡರು. ಅಪ್ಪ ಅತ್ತದ್ದನ್ನು ನಾನು ನೋಡಿರಲಿಲ್ಲ. ಶಟರಿನಡಿ ಬಗ್ಗಿ ಒಬ್ಬ ಗಿರಾಕಿ, ಚಹಾ ಇದೆಯಾ, ಅಂದ. ಅವ್ವಣ್ಣ ಇಲ್ಲ ಅಂದ. ನಮ್ಮ ಹೋಟೆಲಿನಲ್ಲಿ ಚಹಾ ಇಲ್ಲ ಅಂದದ್ದು ಇದೇ ಮೊದಲು.

“ಸೋಮವಾರ ಹೋಗುವ,” ಅಂದಳು ಅಮ್ಮ. “ನಾನು ಹೋಗ್ತೇನೆ ಅಂದದ್ದಕ್ಕೆ ಹೋಗುವುದು. ಬೇಡ ಅನ್ನಿಸಿದ ದಿನ ಅದನ್ನೂ ನಾನೇ ಹೇಳ್ತೇನೆ. ಅಲ್ಲಿವರೆಗೆ ಡಾಕ್ಟರು ಏನು ಹೇಳಿದ್ರೂ ಮೊದಲು ನನ್ನ ಹತ್ರ. ಅಕ್ಕ, ನಿಂಗೂ ಹೇಳಿದ್ದು.”

ದೊಡ್ಡಮ್ಮ, ಆಯ್ತು ಮಾರಾಯ್ತಿ, ಅಂದರು, ನೆಲ ನೋಡಿಕೊಂಡು.

ಹತ್ತುವಾಗ ಐದು ಮೆಟ್ಟಿಲಿಗೊಮ್ಮೆ ಕೂತಳು. ನಾನು ಹಿಂದೆ ಇದ್ದೆ. ಒಮ್ಮೆ ತಿರುಗಿ ನನ್ನನ್ನು ನೋಡಿದಳು, ಮತ್ತೆ ಹತ್ತಿದಳು.

ಡಿಸೆಂಬರ್ 18, ಗುರುವಾರ

ಮೂರು ದಿನವಾಯಿತು ಆಸ್ಪತ್ರೆ ಸೇರಿ. ಒಬ್ಬರನ್ನೇ ಒಳಗೆ ಬಿಡುತ್ತಾರೆ, ಅಪ್ಪ ಅಲ್ಲಿದ್ದಾರೆ. ಗಲ್ಲಾದಲ್ಲಿ ನಾನು. ಬೋರ್ಡಿನಲ್ಲಿ ಏನೂ ಬರೆದಿಲ್ಲ, ಇಡ್ಲಿ ವಡೆ ಅಂತ ಅಷ್ಟೇ. ತೊಟ್ಟಿಯ ನೀರು ತಿಳಿಯಾಗುತ್ತಾ ಬಂದಿದೆ, ಸಪ್ಲಾಯರ್ ಒಬ್ಬನೇ ಓಡುತ್ತಿದ್ದಾನೆ.

ಸಂಜೆ ಅಮ್ಮನ ಫೋನ್. ಮ್ಯಾನೇಜರ್ ಹೇಗಿದ್ದಾನೆ ಅಂದಳು. ಎದುರಿಗೆ ಬತ್ತಿ ಹೊಸೆಯುತ್ತಿದ್ದ ದೊಡ್ಡಮ್ಮ ಕಣ್ಣಲ್ಲೇ ಸನ್ನೆ ಮಾಡಿದರು, ಚೆನ್ನಾಗಿದ್ದಾನೆ ಅನ್ನು ಎಂದು. ಆಮೇಲೆ ಅವರೇ ಕಣ್ಣು ಕೆಳಗೆ ಹಾಕಿದರು.

“ಬಿಳಿ ಮತ್ತೆ ಬಂದಿದೆ ಅಮ್ಮ,” ಅಂದೆ. “ಬಾಲದಲ್ಲಿ. ಕಡಲೆಬೇಳೆಯಷ್ಟು. ಇವತ್ತು ಏನೂ ತಿನ್ನಲಿಲ್ಲ.”

ಹೌದಾ, ಅಂದಳು.

“ನಂಗೆ ನಿನ್ನೆಯಿಂದ ಬಾಯೆಲ್ಲ ಹುಣ್ಣು. ನೀರು ಸಹ ಇಳಿಯುವುದಿಲ್ಲ. ಹೆದರಿಕೆ ಆಗ್ತದೆ ಹರ್ಷಾ.”

ಗೊತ್ತು, ನಂಗೂ, ಅಂದೆ. ಅಪ್ಪನಿಗೆ ಹೇಳಿದೆಯಾ ಎಂದು ಕೇಳಿದೆ. ಈಗ ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದಾರೆ, ಅಂದಳು.

ಆಮೇಲೆ, ಟಬ್ಬಿಗೆ ಉಪ್ಪು ಎಷ್ಟು ಹಾಕಿದ್ದಿ, ಎಂದು ಕೇಳಿದಳು. ಹೇಳಿದೆ. ಹೊಸ ನೀರಿಗೆ ಮಾತ್ರ ಹಾಕಬೇಕು, ಇಡೀ ಟಬ್ಬಿನ ಲೆಕ್ಕಕ್ಕೆ ಹಾಕಿದರೆ ಉಪ್ಪು ದಿನಾ ಏರುತ್ತಾ ಹೋಗುತ್ತದಲ್ಲ, ಈಗಲೇ ಅರ್ಧ ನೀರು ತೆಗೆ, ಅಂದಳು. ಆಮೇಲೆ ಫೋನ್ ಮಾಡುತ್ತೇನೆ ಅಂದೆ. ಬೇಡ, ಅಲ್ಲೇ ಇಡು, ನಾನಿರುತ್ತೇನೆ, ಅಂದಳು.

ಮೊಬೈಲನ್ನು ಟಬ್ಬಿನ ಪಕ್ಕ ಮಣೆಯ ಮೇಲೆ ಇಟ್ಟು ನೀರು ತೆಗೆದೆ. ಹೊಸ ನೀರು ಹೊಯ್ಯುವಾಗ, ಮೆಲ್ಲ, ಅಂದಳು. ಮೆಲ್ಲ ಹೊಯ್ದೆ.